ಕಂಬಳಿಯೊಳಗಿನ ತಂಪು

ಹನಮಂತ ನಿರಪರಾಧಿಯೋ, ಅಥವಾ ಅವನು ನಿರಪರಾಧಿಯಾಗಿರಲಿ ಎಂದು ತನಗೆ ಅನ್ನಿಸುತ್ತಿದೆಯೋ?

ಇವೆರಡೂ ಬೇರೆ ಬೇರೆ ಎಂದು ಇನ್ಸ್‌ಪೆಕ್ಟರ್ ದುರ್ಗೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಗಿನಿಂದ ಅವು ತಲೆಯಲ್ಲಿ ಒಂದಕ್ಕೊಂದು ತೊಡಕಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಹನಮಂತ ಮೂಡಲಗಿಯವನು. ದುರ್ಗೇಶನೂ ಮೂಡಲಗಿಯವನೇ. ಒಂದೇ ಓಣಿ, ಒಂದೇ ನಳದ ನೀರು ಕುಡಿದು ಬೆಳೆದವರು. ನಿನ್ನೆ ಲಾಕಪ್ಪಿನ ಸರಳು ಹಿಡಿದು ನಿಂತಿದ್ದ ಹನಮಂತ ಅವನನ್ನು ಕಂಡೊಡನೆ "ಅಣ್ಣಾ" ಎಂದಿದ್ದ. ಪೇದೆಗಳು ತಿರುಗಿ ನೋಡಿದಾಗ ತಿದ್ದಿಕೊಂಡು "ಸಾಹೇಬ್ರ" ಎಂದಿದ್ದ. ಹಾಗೆ ತಿದ್ದಿಕೊಂಡದ್ದು ದುರ್ಗೇಶನ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

"ಸರ, ಅಲ್ಲಿ ಕಾಲಿಡಬ್ಯಾಡ್ರಿ. ತಗಡ ಇನ್ನೂ ಸಡ್ಲ ಐತಿ."

ಸಂಘಮಿತ್ರಾ ಅವನ ತೋಳು ಹಿಡಿದು ಹಿಂದಕ್ಕೆಳೆದಳು. ಆಕೆ ಈ ಕಾರ್ಖಾನೆಯ ಕೆಮಿಸ್ಟು. ಕಣಗಲಾದ ಹೆದ್ದಾರಿ ಬದಿಯ ಈ ಪ್ಲಾಸ್ಟಿಕ್ ಕಾರ್ಖಾನೆಯ ಹಿಂದಿನ ಶೆಡ್ಡು ಕಳೆದ ವಾರ, ರಜೆಯ ದಿನ, ಹಾಡುಹಗಲೇ ಸಿಡಿದು, ಕಾವಲುಗಾರ ಖಂಡೆಪ್ಪನನ್ನು ಬಲಿ ತೆಗೆದುಕೊಂಡಿತ್ತು.

ಶೆಡ್ಡಿನಲ್ಲಿದ್ದದ್ದು ಒಂದು ದೊಡ್ಡ ಫ್ರೀಜರ್. ಅದರೊಳಗೆ ಪೆರಾಕ್ಸೈಡ್ ತುಂಬಿದ ಕ್ಯಾನುಗಳು. ಆ ಬೆಳಿಗ್ಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಗಲಿಲ್ಲ. ಯಾಕೆಂದರೆ ಅದರ ಬ್ಯಾಟರಿಯನ್ನು ಎಲೆಕ್ಟ್ರಿಷಿಯನ್ ಹನಮಂತ ಬಿಚ್ಚಿಕೊಂಡು ಹೋಗಿದ್ದ.

"ಮ್ಯಾನೇಜರ್ ಸಾಹೇಬ್ರ ಕಳಿಸಿದ್ರು, ಮೂಡಲಗಿಗೆ ರಿಪೇರಿಗೆ ಒಯ್ದೆ" ಎಂಬುದು ಹನಮಂತನ ಮಾತು. "ನಾ ಕಳಿಸೇ ಇಲ್ಲ, ಆವತ್ತ ನಾ ಗೋಕಾಕದಾಗ ಮದುವಿ ಮನ್ಯಾಗಿದ್ದೆ" ಎಂಬುದು ಮ್ಯಾನೇಜರ್ ಶಿವಪುತ್ರನ ಮಾತು. ಶಿವಪುತ್ರನ ಫೋನು ಆ ದಿನವಿಡೀ ಗೋಕಾಕದಲ್ಲೇ ಇತ್ತೆಂದು ಟವರೂ ಹೇಳುತ್ತಿತ್ತು. ಫೋನೇನೋ ಇತ್ತು. ಶಿವಪುತ್ರ ಇದ್ದನೇ?

ಮದುವೆಯ ಗದ್ದಲದಲ್ಲಿ ಆ ಹೊತ್ತಿಗೆ ಅವನನ್ನು ಕಂಡೆವೆಂದೋ ಕಾಣಲಿಲ್ಲವೆಂದೋ ಖಚಿತವಾಗಿ ಹೇಳುವ ಸಾಕ್ಷಿ ಇರಲಿಲ್ಲ. ಹನಮಂತನೂ ಖಂಡೆಪ್ಪನೂ ಗೇಟಿನಲ್ಲಿ ಅಂಗಿ ಹಿಡಿದು ಜಗಳಾಡಿದ್ದಕ್ಕೆ ಮಾತ್ರ ಬೇಕಾದಷ್ಟು ಸಾಕ್ಷಿಗಳಿದ್ದರು. ನಾಳೆ ಕೋರ್ಟಿನಲ್ಲಿ ಕೊಲೆಯ ಕಲಂ ಬಿದ್ದರೆ ಹನಮಂತ ಮತ್ತೆ ಯಾವಾಗ ಓಣಿಗೆ ಬಂದಾನೋ ಹೇಳಲಾಗದು.

"ಮೇಡಂ, ಇನ್ನೊಮ್ಮೆ ಹೇಳ್ರಿ" ಎಂದ ದುರ್ಗೇಶ. "ದಡ್ಡಗ ಹೇಳಿದಂಗ ಹೇಳ್ರಿ."

"ದಡ್ಡರು ಪೊಲೀಸ್ ಪರೀಕ್ಷೆ ಪಾಸ್ ಆಗೂದಿಲ್ಲ ಬಿಡ್ರಿ."

"ಪಾಸ್ ಆಗೂತನಕ ಶ್ಯಾಣ್ಯಾ ಇದ್ದೆ. ಆಮ್ಯಾಲೆ ದಡ್ಡಾದೆ."

ಅವಳ ತುಟಿಯಲ್ಲಿ ನಗು ಬಂದು ಹಾಗೇ ಹೋಯಿತು. ಎರಡೂ ತೋರುಬೆರಳುಗಳನ್ನು ಕೊಂಡಿಯ ಹಾಗೆ ಒಂದಕ್ಕೊಂದು ಸಿಕ್ಕಿಸಿ ಅವನ ಮುಂದೆ ಹಿಡಿದಳು.

"ಇವು ಎರಡು ಆಕ್ಸಿಜನ್. ಪೆರಾಕ್ಸೈಡಿನ್ಯಾಗ ಹಿಂಗ ಕೈ ಹಿಡಕೊಂಡಿರ್ತಾವ. ಆದ್ರ ಈ ಹಿಡಿತ ಭಾಳ ಸಡ್ಲ. ಒಂದಿಷ್ಟ ಬಿಸಿ ತಾಕಿದ್ರ ಬಿಡತೈತಿ." ಬೆರಳುಗಳನ್ನು ಬಿಡಿಸಿದಳು. "ಬಿಟ್ಟ ಮ್ಯಾಲೆ ಎರಡೂ ತುಂಡಿಗೆ ಒಂದೊಂದ ಕೈ ಖಾಲಿ. ಆ ಖಾಲಿ ಕೈ ಸುಮ್ಮನಿರೂದಿಲ್ಲ, ಬಾಜೂಕ ಯಾರ ಸಿಕ್ಕರೂ ಹಿಡೀತೈತಿ. ರಿಯಾಕ್ಟರಿನ್ಯಾಗ ಗ್ಯಾಸಿನ ಕಣ ಸಿಗತಾವ. ಹೊರಗಿನ ಗಾಳಿಗಿಂತ ಸಾವಿರಪಟ್ಟು ಮಿಕ್ಕಿದ ಒತ್ತಡ ಹಾಕಿ ಅವನ್ನ ಒತ್ತಿ ನಿಲ್ಲಿಸಿರ್ತೇವಿ."

"ಸಂತಿ ದಿನದ ಬಸ್ಸಿನಂಗ."

"ಅದರಂಗನ. ಒಂದರ ಕೈ ಹಿಡೀತಂದ್ರ, ಅದು ತನ್ನ ಮುಂದಿಂದರ ಕೈ ಹಿಡೀತೈತಿ, ಅದು ಅದರ ಮುಂದಿಂದು. ಹಂಗ ಸರಪಳಿ ಬೆಳಕೋತ ಹೋಗತೈತಿ. ಆ ಸರಪಳಿನ ಪ್ಲಾಸ್ಟಿಕ್. ಗ್ಯಾಸು ಎಷ್ಟಿದ್ರೂ ತಾನಾಗಿ ಶುರು ಆಗೂದಿಲ್ಲ. ಶುರು ಮಾಡಾಕ ಇದೊಂದ ಚಮಚ ಬೇಕು."

"ಹಾಲಿಗೆ ಹೆಪ್ಪು ಹಾಕಿದಂಗ."

"ಇಲ್ಲಿ ಎಲ್ಲಾರೂ ಇದಕ್ಕ ಹೆಪ್ಪ ಅಂತನ ಅಂತಾರ" ಎಂದಳು ಸಂಘಮಿತ್ರಾ. "ನಾನ ಕಲಿಸಿದ್ದು."

ಹೆದ್ದಾರಿಯ ಮೇಲೆ ಲಾರಿಗಳು ಸದ್ದು ಮಾಡುತ್ತ ಹೋಗುತ್ತಿದ್ದವು.

"ರಿಯಾಕ್ಟರಿನ ಮಾತು ತಿಳೀತು. ಕ್ಯಾನಿನ್ಯಾಗ ಏನಾತು?"

"ಕ್ಯಾನಿನ್ಯಾಗೂ ಕೊಂಡಿ ಬಿಡತಾವ್ರಿ. ತಂಪಿದ್ರ ಭಾಳ ಸಾವಕಾಶ, ಇಲ್ಲ ಅನ್ನೂವಷ್ಟು. ಒಂದೊಂದ ಕೊಂಡಿ ಬಿಟ್ಟಾಗೂ ಚೂರು ಬಿಸಿ ಹುಟ್ಟತೈತಿ. ಆ ಬಿಸಿ ಹೊರಗ ಹೋದ್ರ ಚಿಂತಿಲ್ಲ. ಒಳಗ ಉಳೀತಂದ್ರ ಮತ್ತೊಂದಿಷ್ಟ ಕೊಂಡಿ ಬಿಡಸ್ತೈತಿ, ಅವು ಇನ್ನೊಂದಿಷ್ಟ ಬಿಸಿ ಹುಟ್ಟಸ್ತಾವ. ಒಂದ ಹದ ದಾಟಿದ ಮ್ಯಾಲೆ ಯಾರೂ ಕಡ್ಡಿ ಗೀರೂದು ಬ್ಯಾಡ."

ಅವಳು ಬಗ್ಗಿ ಸುಟ್ಟ ಮುಚ್ಚಳವೊಂದನ್ನು ನೋಡಿದಳು.

"ಆದ್ರ ಒಂದ ಮಾತ ನನ್ನ ನಿದ್ದಿಗೆಡಸೇತಿ ಸರ. ಕ್ಯಾನಿನ ಮುಚ್ಚಳದಾಗ ಉಸಿರಾಡಾಕ ಸಣ್ಣ ತೂತಿರತೈತಿ. ಸಿಡಿಯೂಕಿಂತ ಮೊದಲ ಅಲ್ಲಿಂದ ಬಿಳಿ ಹೊಗಿ ಬರತೈತಿ, ಕ್ಯಾನು ಉಬ್ಬತೈತಿ. ಖಂಡೆಪ್ಪ ಕಾಕಾಗ ನಾನ ಹೇಳಿಕೊಟ್ಟಿದ್ದೆ, ಹೊಗಿ ಕಂಡ್ರ ಎಲ್ಲಾ ಬಿಟ್ಟ ಓಡ್ರಿ ಅಂತ. ಕಾಕಾ ಅಂಜಬುರಕ. ಓಡಾಂವನ. ಯಾಕ ಓಡಲಿಲ್ಲ?"

ದುರ್ಗೇಶನ ಕಣ್ಣು ಫ್ರೀಜರ್ ಇದ್ದ ಮೂಲೆಗೆ ಹೋಗಿತ್ತು. ಕರಗಿ ಹೆಪ್ಪುಗಟ್ಟಿದ ಪ್ಲಾಸ್ಟಿಕ್ಕಿನ ನಡುವೆ ಒಂದು ಕಪ್ಪು ಮುದ್ದೆ. ಅದು ಉಳಿದದ್ದರ ಹಾಗೆ ಹೊಳೆಯುತ್ತಿರಲಿಲ್ಲ. ಬಗ್ಗಿ ಅದನ್ನು ಎಬ್ಬಿಸಿದ. ಒಂದು ಬದಿ ಒರಟಾಗಿತ್ತು. ಇನ್ನೊಂದು ಬದಿಯಲ್ಲಿ ಕ್ಯಾನಿನ ಮೂಲೆ ಒತ್ತಿ ಕೂತ ಗುರುತು ಸ್ಪಷ್ಟವಾಗಿತ್ತು. ಮೇಲೆ ಹಗ್ಗದ ಗಂಟಿನ ಅಚ್ಚು.

ಮುದ್ದೆಯಿಂದ ಒಂದೆರಡು ಎಳೆ ಕಿತ್ತು ಕಡ್ಡಿ ಗೀರಿ ಹಿಡಿದ. ಪ್ಲಾಸ್ಟಿಕ್ ಆಗಿದ್ದರೆ ಕರಗಿ ಹನಿಯಬೇಕಿತ್ತು. ಇದು ಸುರುಟಿಕೊಂಡು ಸುಮ್ಮನಾಯಿತು. ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಬಾಗಿಲಲ್ಲಿ ನಿಂತಿದ್ದ ಪೇದೆ ಮಾಲಿಂಗ ಮೂಗು ಮುಚ್ಚಿಕೊಂಡ. "ಸಾಹೇಬ್ರ, ಕುರಿ ತುಪ್ಪಟ ಅದು."

"ಹೌದು. ಕಂಬಳಿ."

ಸಂಘಮಿತ್ರಾ ಅಲ್ಲೇ ಕಲ್ಲಿನ ಮೇಲೆ ಕೂತಳು. ಮುದ್ದೆಯನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು.

"ಎಲ್ಲಾ ಕ್ಯಾನು ಕೂಡಿಸಿ ಸುತ್ತಿ ಕಟ್ಯಾರ" ಎಂದಳು. ದನಿ ತಗ್ಗಿತ್ತು. "ಬಿಸಿ ಹೋಗಾಕ ಹಾದಿನ ಇಲ್ಲದಂಗ. ಹೊಗಿ ಬಂದಿದ್ರೂ ಕಂಬಳಿಯೊಳಗ ಬಂದಿರತೈತಿ. ಕಾಕಾಗ ಹೆಂಗ ಕಾಣಬೇಕು?"

"ಸುತ್ತದಿದ್ರ?"

"ಕೆಡತಿದ್ವು. ಬೆಂಕಿನೂ ಹತ್ತತಿತ್ತೇನೋ. ಆದ್ರ ಮನಷ್ಯಾ ಓಡಾಕ ಹೊತ್ತ ಸಿಗತಿತ್ತು." ಅವಳು ಸುಟ್ಟ ಗೋಡೆಯ ಕಡೆ ನೋಡಿದಳು. "ಇದರ ಗುಣ ತಿಳಿದಾಂವ ಸುತ್ತಿದ್ರ ಅದು ಕೊಲಿ ಸರ. ತಿಳೀಲಾರದಾಂವ ಸುತ್ತಿದ್ರ... ಆ ಗ್ವಾಡಿ ಮ್ಯಾಲೆ 'ತಂಪಾಗಿಡಿ' ಅಂತ ಬರೆಸಿದ್ದೆ. ಇದು ತಾನ ಬಿಸಿ ಹುಟ್ಟಸ್ತೈತಿ ಅಂತ ಬರೆಸಲಿಲ್ಲ."

ಖಂಡೆಪ್ಪನ ಫೋನು ಸುಟ್ಟುಹೋಗಿದ್ದರೂ ಅದರಿಂದ ಹೋದ ಕೊನೆಯ ಕರೆ ಯಾರಿಗೆಂದು ಸಿಕ್ಕಿತ್ತು. ಮೇಲವಂಕಿಗೆ, ಹೆಂಡತಿ ಲಗಮವ್ವನಿಗೆ. ಏನು ಮಾತಾಡಿದ ಎಂದು ಪೇದೆಗಳು ಕೇಳಿದಾಗ ಅವಳು "ಊಟ ಆತೇನು ಅಂದಾ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಆಗ ಅದು ಸರಿಯಾಗಿಯೇ ಕೇಳಿಸಿತ್ತು. ಈಗ ದುರ್ಗೇಶನಿಗೆ ಅದು ಸಾಲದೆನಿಸಿತು.

ಜೀಪು ಸಂಕೇಶ್ವರ, ಹುಕ್ಕೇರಿ ದಾಟಿ ಘಟಪ್ರಭಾ ಕಡೆ ಹೊರಳಿತು. ಮಾಲಿಂಗನಿಗೆ ಸುಮ್ಮನೆ ಕೂತು ಗಾಡಿ ಹೊಡೆದು ಅಭ್ಯಾಸವಿರಲಿಲ್ಲ.

"ಸಾಹೇಬ್ರ, ಕೊಣ್ಣೂರದಾಗ ನಮ್ಮ ಮನಿ ಮುಂದ ಒಂದ ಹಾರ್ನ್ ಹೊಡೀಲಾ? ಗಂಡ ಡ್ಯೂಟಿ ಮ್ಯಾಲೆ ಅದಾನಂತ ಆಕಿಗೂ ಗೊತ್ತಾಗಲಿ."

"ಹೊಡಿ."

"ಬ್ಯಾಡ ಬಿಡ್ರಿ. ಕೇಳಿದ್ಲಂದ್ರ ಕಾಯಿಪಲ್ಲೆ ತರಾಕ ಹೇಳ್ತಾಳ."

ಹಾರ್ನ್ ಹೊಡೆಯದೆಯೇ ಕೊಣ್ಣೂರ ದಾಟಿದರು.

ಲಗಮವ್ವ ಮನೆಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಗಂಡ ಸತ್ತ ಮನೆಯಲ್ಲಿ ಇಷ್ಟು ಬೇಗ ಕೈಗೆ ಕೆಲಸ ಹಿಡಿದಳಲ್ಲ ಎಂದು ಊರು ಅಂದಿರಬೇಕು. ಅವಳು ಅದಕ್ಕೆಲ್ಲ ಕಿವಿಗೊಟ್ಟಂತಿರಲಿಲ್ಲ. ಜೀಪು ನಿಂತಿತೆಂದು ಕದಿರು ನಿಲ್ಲಲಿಲ್ಲ.

"ಬರ್ರಿ ಸಾಹೇಬ. ಮೊನ್ನೆ ಬಂದ ಪೊಲೀಸ್ರು ಒಂದ ಮಾತ ಕೇಳಾಕ ನಾಕ ಸಲ ಚಾ ಕುಡದ ಹೋದ್ರು. ನೀವ ಎಷ್ಟ ಸಲ ಕುಡೀತೀರಿ?"

"ಚಾ ಬ್ಯಾಡ ಯಕ್ಕಾ. ಒಂದ ಮಾತಷ್ಟ."

"ಹಂಗಾರ ಕುಂದರ್ರಿ."

ದುರ್ಗೇಶ ಕಟ್ಟೆಯ ತುದಿಯಲ್ಲಿ ಕೂತ. ಮಾಲಿಂಗ ಕುರಿದೊಡ್ಡಿಯ ಹತ್ತಿರ ನಿಂತ. ಹೇಗೆ ಶುರು ಮಾಡುವುದೆಂದು ದುರ್ಗೇಶನಿಗೆ ಹೊಳೆಯಲಿಲ್ಲ. ಸುಮ್ಮನೆ ಕೂತವರ ಮುಂದೆ ಜನ ತಾವಾಗಿಯೇ ಮಾತಾಡುತ್ತಾರೆಂದು ಅವನು ಕಂಡುಕೊಂಡಿದ್ದ. ಆದರೆ ಈ ಹೆಂಗಸು ಅವನಿಗಿಂತ ಚೆನ್ನಾಗಿ ಸುಮ್ಮನೆ ಕೂರಬಲ್ಲವಳಾಗಿದ್ದಳು.

"ಆವತ್ತ ಅವರು ಫೋನ್ ಮಾಡಿದ್ರಲ್ಲ ಯಕ್ಕಾ" ಎಂದ ಕೊನೆಗೆ.

"ಹೇಳೇನಲ್ರಿ. ಊಟ ಆತೇನು ಅಂದಾ."

"ಖರೇನ ಅಷ್ಟ?"

ಕದಿರು ತಿರುಗುತ್ತಲೇ ಇತ್ತು.

"ಯಕ್ಕಾ, ಶೆಡ್ಡಿನ್ಯಾಗ ಕಂಬಳಿ ಸಿಕ್ಕೈತಿ."

ಕದಿರು ನಿಂತಿತು. ಎಳೆ ಹರಿದು ಉಣ್ಣೆ ಅವಳ ತೊಡೆಯ ಮೇಲೆ ಬಿತ್ತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಅದು ನಮ್ಮಿಬ್ಬರ ಕಡೀ ಮಾತ ಸಾಹೇಬ. ಊರವರು ಮಾತಾಡಸಾಕ ಬಂದ್ರು, ಕೇಳಿದ್ರು. ಪೊಲೀಸ್ರು ಕೇಳಿದ್ರು. ಎಲ್ಲಾರಿಗೂ ಚೂರಚೂರ ಹಂಚಿಬಿಟ್ರ ನನಗ ಏನ ಉಳೀತೈತಿ? ಅದಕ್ಕ ಇಟಗೊಂಡಿದ್ದೆ."

ದುರ್ಗೇಶ ಒತ್ತಾಯ ಮಾಡಲಿಲ್ಲ.

"ಹನಮಂತ ಒಳಗ ಅದಾನ ಯಕ್ಕಾ" ಎಂದಷ್ಟೇ ಹೇಳಿದ. "ಖಂಡೆಪ್ಪ ಅವರನ್ನ ಕೊಂದಾಂವ ಅಂವನ ಅಂತ ನಾಳೆ ಕೋರ್ಟಿನ್ಯಾಗ ಬರೀತಾರ."

"ಯಾರು, ಆ ವಾಯರಿನ ಹನಮಂತ?" ಲಗಮವ್ವನ ಹುಬ್ಬು ಮೇಲೇರಿತು. "ಜಗಳಾಡಿದ್ದು ಖರೆ. 'ಈ ಬಿಸಲಾಗ ಕಂಬಳಿ ಹೊತ್ತೀಯಲೋ, ನೀ ಕುರಿ ಅದೀಯೋ ಕುರುಬ ಅದೀಯೋ' ಅಂದಿದ್ನಂತ. ಇವನೂ ಅಂಗಿ ಹಿಡದಾನ. ಮರದಿನ ಅದ ಹನಮಂತ ಇವನ್ನ ಗಾಡಿ ಮ್ಯಾಲೆ ಕುಂದರಿಸಿಕೊಂಡ ಬಂದ ಇಲ್ಲಿ ಬಿಟ್ಟಾ. ಈ ಕಟ್ಟಿ ಮ್ಯಾಲೆ ಕುಂತ ಇಬ್ಬರೂ ರೊಟ್ಟಿ ತಿಂದಾರ. ಕೊಲ್ಲಾಂವ ರೊಟ್ಟಿ ತಿಂತಾನೇನ್ರಿ?"

"ಇದನ್ನ ನಾನೂ ನಂಬತೇನಿ. ಕೋರ್ಟ್ ನಂಬಾಕ ಬ್ಯಾರೆ ಏನರ ಬೇಕು."

ಲಗಮವ್ವ ಉಣ್ಣೆಯನ್ನು ಬುಟ್ಟಿಯಲ್ಲಿಟ್ಟಳು. ಸೊಂಟ ನೆಟ್ಟಗೆ ಮಾಡಿ ಕೂತು ಹೇಳತೊಡಗಿದಳು.

"ಕರೆಂಟ್ ಹೋಗೈತಿ, ಹೆಪ್ಪ ಬಿಸಿ ಆಗಾಕತ್ತೈತಿ, ಏನ ಮಾಡ್ಲೆ ಅಂದಾ. ನನ್ನ ಕೇಳಿದಾ ನೋಡ್ರಿ ಸಾಹೇಬ!" ಅವಳ ಮುಖದಲ್ಲಿ ಒಂದು ಬೆಳಕು ಬಂತು. "ಸಂಸಾರ ಹೂಡಿದಾಗಿಂದ ನನ್ನ ಮಾತ ಒಂದ ಸಲ ಕೇಳಿದ ಮನಷ್ಯಾ ಅಲ್ಲ. ಬಲಕ್ಕ ಅಂದ್ರ ಎಡಕ್ಕ ಹೋಗಾಂವ. ಆವತ್ತ ಕೇಳಿದಾ. ನಾ ಅಂದೆ, ಅಲ್ಲಪಾ, ಗೋಕಾಕ ಸಂತಿಗೆ ಬೆಣ್ಣಿ ಒಯ್ಯೂ ಮುಂದ ಏನ ಮಾಡ್ತಿದ್ವಿ? ನಸಕಿನ್ಯಾಗ ಗಡಿಗಿಗೆ ಕಂಬಳಿ ಸುತ್ತಿ ಬಿಗಿದರ, ಬಿಸಲ ಏರಿದ್ರೂ ಬೆಣ್ಣಿ ಕರಗತಿತ್ತೇನು? ಕಂಬಳಿ ಅಂದ್ರ ಬರೇ ಬೆಚ್ಚಗಲ್ಲ, ತಂಪನ್ನೂ ಹಿಡದ ಇಡತೈತಿ. ಹೆಗಲ ಮ್ಯಾಲೆ ಐತಲಾ, ಸುತ್ತು ಅಂದೆ."

ದುರ್ಗೇಶ ನೆಲ ನೋಡಿದ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಂಪಾದ ಬೆಣ್ಣೆಗೆ ಸುತ್ತಿದ ಕಂಬಳಿ ಹೊರಗಿನ ಬಿಸಿಯನ್ನು ಹೊರಗೇ ನಿಲ್ಲಿಸುತ್ತದೆ. ಬೆಣ್ಣೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಅಷ್ಟೇ ವ್ಯತ್ಯಾಸ.

"ಅವರು ಏನಂದ್ರು?"

"ಅಂವ ಏನೂ ಅನ್ನಲಿಲ್ಲ. ಬಾಜೂಕ ಒಬ್ಬಾಂವ ನಕ್ಕಾ."

ಕುರಿದೊಡ್ಡಿಯ ಹತ್ತಿರ ಮಾಲಿಂಗ ಬೀಡಿ ಹಚ್ಚುವುದನ್ನು ನಿಲ್ಲಿಸಿದ.

"ಯಾರ ಯಕ್ಕಾ?"

"ಅದ ಮ್ಯಾನೇಜರ್. ನಕ್ಕ ಅಂದಾ, 'ಖಂಡೂ, ನಿನ್ನ ಹೆಂಡ್ತಿ ಇಂಜಿನಿಯರ್ ಅದಾಳಲೇ. ಸುತ್ತ ಹಂಗಾರ. ಬ್ಯಾಟರಿ ಮೂಡಲಗಿಗೆ ಕಳಸೇನಿ, ಹನಮಂತ ಸಂಜಿಗೆ ತರ್ತಾನ' ಅಂತ."

"ಅದು ಶಿವಪುತ್ರನ ದನಿ ಅಂತ ಹೆಂಗ ಗುರುತ ಹಿಡದ್ರಿ?"

"ನನ್ನ ಗಂಡಗ ಖಂಡೂ ಅನ್ನಾಂವ ಈ ಲೋಕದಾಗ ಒಬ್ಬನ. ನಾನೂ ಅಂದಿಲ್ಲ, ಹೆತ್ತಾಕಿನೂ ಅಂದಿಲ್ಲ. ಅಂವ ಬಂದು ಹೇಳತಿದ್ದಾ, ಮ್ಯಾನೇಜರ್ ನನಗ ನಾಯಿ ಕರದಂಗ ಖಂಡೂ ಖಂಡೂ ಅಂತ ಕರೀತಾನ ಅಂತ. ಮೊನ್ನೆ ಮಾತಾಡಸಾಕ ಬಂದಾಗೂ ಇದ ಕಟ್ಟಿ ಮ್ಯಾಲೆ ಕುಂತ 'ಖಂಡೂ ಭಾಳ ಚಲೋ ಮನಷ್ಯಾ ಇದ್ದಾ' ಅಂದಾ. ಅದ ದನಿ."

ಹಾಗಾದರೆ ಶಿವಪುತ್ರ ಗೋಕಾಕದಲ್ಲಿರಲಿಲ್ಲ. ಶೆಡ್ಡಿನಲ್ಲಿ, ಖಂಡೆಪ್ಪನ ಪಕ್ಕದಲ್ಲೇ ನಿಂತಿದ್ದ. ಬ್ಯಾಟರಿ ಕಳಿಸಿದವನು ಅವನೇ. ಕೆಮಿಸ್ಟ್ರಿ ಓದಿ ಬಂದವನು. ಕ್ಯಾನಿಗೆ ಕಂಬಳಿ ಸುತ್ತಿದರೆ ಏನಾಗುತ್ತದೆಂದು ತಿಳಿಯದಷ್ಟು ಅವನು ದಡ್ಡನೇ? ತಿಳಿದೂ ನಕ್ಕು, ಸುತ್ತು ಎಂದು ಹೇಳಿ ಅಲ್ಲಿಂದ ಹೊರಟನೇ?

ಅದೇನೇ ಇರಲಿ, ಹನಮಂತನ ಬಿಡುಗಡೆ ಈ ಹೆಂಗಸಿನ ಬಾಯಲ್ಲಿತ್ತು.

"ಯಕ್ಕಾ, ಇದನ್ನ ಹುಕ್ಕೇರಿ ಠಾಣ್ಯಾಗ ಹೇಳಬೇಕಾಕ್ಕೈತಿ. ಆಮ್ಯಾಲೆ ಕೋರ್ಟಿನ್ಯಾಗೂ. ಎಲ್ಲಾ ಹೇಳಬೇಕು. ಕಂಬಳಿದೂ."

"ಹೇಳತೇನಿ. ಯಾಕ ಅಂಜಲಿ?" ಲಗಮವ್ವ ಎದ್ದೇ ಬಿಟ್ಟಳು. "ಆದ್ರ ನೀವ ಒಂದ ಬರಕೋಬೇಕು. ಜನ ಅನ್ನಾಕತ್ತಾರ, ಖಂಡೆಪ್ಪ ಕುಡದ ಮಲಗಿದ್ದಾ, ಅದಕ್ಕ ಸತ್ತಾ ಅಂತ. ಅಂವ ಮಲಗಿರಲಿಲ್ಲ. ತನ್ನ ಮೈಮ್ಯಾಲಿನ ಕಂಬಳಿ ಬಿಚ್ಚಿ ಸುತ್ತಿ, ಅದರ ಮುಂದನ ಕುಂತ ಕಾದಾನ. ಹಂಗ ಬರಕೊಳ್ರಿ."

"ಬರಕೋತೇನಿ."

ಅವಳು ಒಳಗೆ ಹೋಗಿ ಮುಖ ತೊಳೆದು, ಸೀರೆ ಬದಲಿಸಿ ಬಂದಳು. ಜೀಪು ಹತ್ತುವ ಮುನ್ನ ನಿಂತು ಅವನ ಮುಖ ನೋಡಿದಳು.

"ಸಾಹೇಬ, ಸುತ್ತಿದ್ದಕ್ಕ ಒಂದಿಷ್ಟ ಹೊತ್ತರ ತಡದಿರಬೇಕಲಾ? ಇಲ್ಲಂದ್ರ ಇನ್ನೂ ಲಗೂನ ಸಿಡೀತಿತ್ತು. ಹೌದಿಲ್ಲ?"

ಮಾಲಿಂಗ ಸ್ಟೇರಿಂಗಿನ ಮೇಲೆ ಕೈಯಿಟ್ಟು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ದುರ್ಗೇಶ ಹಿಂದಿನ ಬಾಗಿಲು ತೆರೆದು ಹಿಡಿದ. ಅವನು ಸುಮ್ಮನಿದ್ದುದನ್ನು ಅವಳು ಹೌದೆಂದೇ ಎಣಿಸಿ, ತಲೆಯಾಡಿಸಿ, ಹಿಂದಿನ ಸೀಟಿನಲ್ಲಿ ಕೂತಳು.

ದಾರಿಯುದ್ದಕ್ಕೂ ಅವಳು ಮಾತಾಡಿದಳು. ಗಂಡನ ಬಗ್ಗೆ, ಮೊದಲು ಸಾಕಿದ್ದ ಎಮ್ಮೆಗಳ ಬಗ್ಗೆ, ಬೆಣ್ಣೆಗೆ ತೂಕದಲ್ಲಿ ಮೋಸ ಮಾಡುತ್ತಿದ್ದ ಗೋಕಾಕದ ಅಂಗಡಿಯವನ ಬಗ್ಗೆ. ಮಾಲಿಂಗ ಒಂದೆರಡು ಸಲ ನಕ್ಕ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ತನ್ನ ಮಾತನ್ನು ಗಂಡ ಕೊನೆಗೊಮ್ಮೆ ಕೇಳಿದನೆಂಬ ಸಮಾಧಾನ ಆ ಮುಖದಲ್ಲಿತ್ತು. ಬೇರೆ ಯಾವ ಸಮಾಧಾನವೂ ಅವಳಿಗೆ ಉಳಿದಿರಲಿಲ್ಲ.

ಈಗ ಹೇಳಬೇಕು ಎಂದುಕೊಂಡ ದುರ್ಗೇಶ. ಕೋರ್ಟಿನಲ್ಲಿ ಎದುರಿನ ವಕೀಲ ಎಲ್ಲರ ಮುಂದೆ ಎತ್ತಿ ಆಡುವ ಮೊದಲು ನಾನೇ ಹೇಳಬೇಕು. ಹೇಳಿದರೆ? ಬಾಯಿ ಬಿಡುತ್ತಾಳೆಯೇ? ಬಿಡದಿದ್ದರೆ ಹನಮಂತ? ಹೇಳಿಕೆ ಬರೆಸಿಕೊಂಡ ಮೇಲೆ ಹೇಳಿದರೆ ಅದು ಮೋಸವಲ್ಲವೇ? ಕೊಣ್ಣೂರ ಬಂತು, ಹೋಯಿತು. ಘಟಪ್ರಭಾದ ಸೇತುವೆ ಬಂತು. ಒಮ್ಮೆ ಹಿಂದಕ್ಕೆ ತಿರುಗಿ "ಯಕ್ಕಾ" ಎಂದ.

"ಏನ್ರಿ ಸಾಹೇಬ?"

"ಗಾಳಿ ಭಾಳ ಬರಾಕತ್ತಿದ್ರ ಆ ಕಡೆ ಸರೀರಿ."

ಹುಕ್ಕೇರಿ ಠಾಣೆಯ ಅಂಗಳದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ವರಾಂಡದ ಬೆಂಚಿನ ಮೇಲೆ ಕರಿ ಕೋಟಿನ ವಕೀಲನೊಬ್ಬ, ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಶಿವಪುತ್ರ. ಕಾರ್ಖಾನೆಯ ಗೇಟಿನವರು ಬೆಳಗಿನ ಸುದ್ದಿಯನ್ನೆಲ್ಲ ಮುಟ್ಟಿಸಿರಬೇಕು. ಜೀಪಿನಿಂದ ಇಳಿದವಳನ್ನು ಕಂಡು ಶಿವಪುತ್ರ ಎದ್ದು ನಿಂತು ಕೈ ಮುಗಿದ.

"ಬರ್ರಿ ಅಕ್ಕಾರ. ನಿಮ್ಮ ಹಾದಿನ ನೋಡಾಕತ್ತಿದ್ದೆ. ಪಾಪ, ಅಷ್ಟ ದೂರದಿಂದ ಕರಕೊಂಡ ಬಂದಾರ." ಅವನ ದನಿಯಲ್ಲಿ ಎಣ್ಣೆಯಿತ್ತು. "ಖಂಡೂ ಎದರಿಂದ ಸತ್ತಾ ಅನ್ನೂದು ಸಾಹೇಬ್ರು ನಿಮಗ ಹೇಳೇ ಕರಕೊಂಡ ಬಂದಿರಬೇಕಲ್ಲ?"

"ಶಿವಪುತ್ರ, ಸುಮ್ಮನಿರ್ರಿ" ಎಂದ ದುರ್ಗೇಶ.

"ಯಾಕ್ರಿ ಸಾಹೇಬ್ರ? ಹೇಳಿಲ್ಲೇನ್ರಿ?"

ಲಗಮವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಶಿವಪುತ್ರನನ್ನು ನೋಡಲಿಲ್ಲ. ತಿರುಗಿ ದುರ್ಗೇಶನನ್ನು ನೋಡಿದಳು.

"ಏನ ಹೇಳೂದೈತಿ ಸಾಹೇಬ?"

ಮೇಲವಂಕಿಯಿಂದ ಹುಕ್ಕೇರಿಯ ತನಕ ಅಷ್ಟು ಉದ್ದದ ದಾರಿ ಇತ್ತು. ಅವಳು ಸುತ್ತಲು ಹೇಳಿದ ಕಂಬಳಿಯೇ ಖಂಡೆಪ್ಪನನ್ನು ಕೊಂದಿತೆಂದು ದುರ್ಗೇಶ ಅವಳಿಗೆ ಹೇಳಿರಲಿಲ್ಲ.